ತೋಡಿನ ತಾಮ್ರ

ನೂರ ಹದಿನೇಳನೆಯ ಚೀಲದ ಮಣ್ಣಿನಲ್ಲಿ ತಾಮ್ರ ಉಳಿದ ಚೀಲಗಳಿಗಿಂತ ಎಂಟು ಪಟ್ಟು ಜಾಸ್ತಿ ಉಂಟೆಂದು ಪ್ರಯೋಗಾಲಯದಿಂದ ವರದಿ ಬಂತು. ನೋಣಯ್ಯನ ಗ್ರಹಚಾರ ಕೆಡಲು ಅಷ್ಟೇ ಸಾಕಾಯಿತು. ನೆಲದಡಿಯ ಅದಿರು ಹುಡುಕುವ ಇಲಾಖೆಗೆ ಮೂವತ್ತು ವರ್ಷ ತೋಡು, ಹಳ್ಳಗಳಿಗೆ ಇಳಿದು ಮಣ್ಣು ತುಂಬಿ ತಂದವನ ಮೊಣಕಾಲುಗಳು ಈಗ ಎಣ್ಣೆ ಕಾಣದ ಗೇಟಿನಂತೆ ಕಿರುಗುಟ್ಟುತ್ತಿದ್ದವು. ಚಿಕಿತ್ಸೆಗೆ ನಾಳೆಯಿಂದ ರಜೆ ಮಂಜೂರಾಗಿತ್ತು.

"ಅದೊಂದು ಚೀಲ ಇನ್ನೊಮ್ಮೆ ತಂದುಬಿಡಿ ನೋಣಯ್ಯ, ಮತ್ತೆ ಆರಾಮಾಗಿ ಹೋಗಿ," ಎಂದರು ಅಧಿಕಾರಿ ಸ್ವರ್ಣಲತಾ ಮೇಡಂ.

ಆ ಚೀಲ ತುಂಬಿದ್ದ ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ಉಮ್ಮರನ ಅಂಗಡಿಯಲ್ಲಿ ಸೋಡಾ ಕುಡಿಯುವಾಗ, ಮತ್ತೆ ಬಂದದ್ದೇಕೆಂದು ಅವನು ಕೇಳಿದ. ನಿಜ ಹೇಳಿದ್ದೇ ತಪ್ಪಾಯಿತು.

"ತಾಮ್ರವಾ! ಹಾಗಾದರೆ ಗಣಿ ಬರ್ತದೆ. ನನ್ನ ಜಾಗದ್ದೂ ಒಂದು ಚೀಲ ತಗೊಳ್ಳಿ ಮಾರಾಯ್ರೆ!" ಎಂದು ಉಮ್ಮರ್ ಅಂಗಡಿಯ ಬಾಗಿಲೆಳೆದು ಹಿಂದೆಯೇ ಹೊರಟ. ದಾರಿಯುದ್ದಕ್ಕೂ, ಗಣಿಯವರಿಗಾಗಿ ತಾನು ತೆರೆಯಲಿರುವ ಹೋಟೆಲಿನ ಬಿರಿಯಾನಿಯನ್ನು ವರ್ಣಿಸಿದ.

ತೋಡಿನ ದಂಡೆಯ ತೋಟದ ಪದ್ಮಾಕ್ಷಿಗೆ ಸುದ್ದಿ ಇವರಿಗಿಂತ ಮೊದಲೇ ಮುಟ್ಟಿತ್ತು. ಕತ್ತಿ ಹಿಡಿದು, ತೋಡು ದಾಟುವ ಸಂಕದ ಮೇಲೆ ನಿಂತಿದ್ದಳು.

"ಒಂದು ಹಿಡಿ ಮಣ್ಣು ಮುಟ್ಟುವ ಹಾಗಿಲ್ಲ! ತಾಮ್ರ ಸಿಕ್ಕಿದರೆ ನಮ್ಮನ್ನು ಎಬ್ಬಿಸ್ತೀರಿ. ಮತ್ತೆ ನಾವು ಎಲ್ಲಿಗೆ ಹೋಗುವುದು?"

"ಅಕ್ಕಾ, ನನಗೆ ತಾಮ್ರವೂ ಬೇಡ, ಗಣಿಯೂ ಬೇಡ. ಮನೆಗೆ ಹೋಗಿ ಕಾಲು ಚಾಚಿದರೆ ಸಾಕು," ಎಂದು ನೋಣಯ್ಯ ಸಂಕದ ಮೇಲೆಯೇ ಕುಸಿದು ಕೂತ. ಅವನ ಮುಖ ನೋಡಿ ಪದ್ಮಾಕ್ಷಿ ಕತ್ತಿ ಇಳಿಸಿದಳು.

ತೋಡಿಗಿಳಿದರೆ, ಅಂದು ಮಣ್ಣು ತುಂಬಿದ ಜಾಗದಿಂದ ನಾಲ್ಕು ಮಾರು ಮೇಲೆ ಕಲ್ಲುಗಳೆಲ್ಲ ನೀಲಿ. ಪಕ್ಕದಲ್ಲೊಂದು ಡ್ರಮ್ಮು.

"ಇದೆಂಥದ್ದಕ್ಕ?"

"ಕೊಳೆರೋಗ ಬಾರದ ಹಾಗೆ ಅಡಕೆಗೆ ಬಿಡುವ ಮದ್ದು. ಮೈಲುತುತ್ತು ಕರಗಿಸಿದ ಡ್ರಮ್ಮನ್ನು ಮಾವನ ಕಾಲದಿಂದಲೂ ಇಲ್ಲೇ ತೊಳೆಯುವುದು."

ನೋಣಯ್ಯ ಆ ದಿನ ಮೊದಲ ಬಾರಿಗೆ ನಕ್ಕ. ಮೈಲುತುತ್ತಿನಲ್ಲಿ ಇರುವುದು ತಾಮ್ರವೇ, ಚೀಲಕ್ಕೆ ಸೇರಿದ್ದೂ ಅದೇ. ಅದಿರೂ ಇಲ್ಲ, ಗಣಿಯೂ ಇಲ್ಲ! ಪದ್ಮಾಕ್ಷಿ ಮಜ್ಜಿಗೆ ತರಲು ಓಡಿದಳು. ಉಮ್ಮರ್ ಮಾತ್ರ, ಚೆನ್ನಾಗಿ ನಡೆಯುತ್ತಿದ್ದ ಹೋಟೆಲು ಮುಚ್ಚಿದವನಂತೆ ಮುಖ ಮಾಡಿ ಅಂಗಡಿಗೆ ಹಿಂತಿರುಗಿದ.

ನೋಣಯ್ಯ ಅಲ್ಲಿಂದಲೇ ಮೇಡಂಗೆ ಫೋನು ಮಾಡಿದ.

"ಭೇಷ್! ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ," ಎಂದರು ಅವರು. ಆಮೇಲೆ ಅವರೇ ಮುಂದುವರಿಸಿದರು: "ಆದರೆ ನೋಣಯ್ಯ, ಮದ್ದು ಬಿಡದ ತೋಟ ಈ ತಾಲೂಕಿನಲ್ಲಿ ಎಲ್ಲುಂಟು? ತಂದ ನಾಲ್ಕು ನೂರು ಚೀಲವನ್ನೂ ನಂಬುವ ಹಾಗಿಲ್ಲ. ತೋಟಗಳಿಗಿಂತ ಮೇಲೆ, ಗುಡ್ಡ ಹತ್ತಿ, ಎಲ್ಲ ಹೊಸದಾಗಿ ತರಬೇಕು. ಜಾಗದ ಗುರುತು ನಿಮ್ಮನ್ನು ಬಿಟ್ಟರೆ ಯಾರಿಗುಂಟು? ರಜೆಯದ್ದು ಆಮೇಲೆ ನೋಡುವ."

ಪದ್ಮಾಕ್ಷಿ ಮಜ್ಜಿಗೆಯ ಲೋಟ ಚಾಚಿದಳು. "ಮೇಡಂ ಹೊಗಳಿದರಾ?"

ನೋಣಯ್ಯ ಎದುರಿನ ಗುಡ್ಡವನ್ನು ಬುಡದಿಂದ ತುದಿಯವರೆಗೆ ನೋಡಿದ.

"ಹೊಗಳಿದರಕ್ಕ. ಎಷ್ಟು ಹೊಗಳಿದರೆಂದರೆ, ನಾಳೆ ಬೆಳಿಗ್ಗೆಯೂ ನಾನು ಇಲ್ಲೇ."