ಒಂದು ಸೀಟಿಗೆ ಮನೆಮಂದಿಯೆಲ್ಲ

ಪ್ರತಿ ವರ್ಷ ವಸತಿ ಶಾಲೆಯ ಅರ್ಜಿ ಬಂತೆಂದರೆ ಸಾಕು, ಇನ್ನು ಆರು ತಿಂಗಳು ನಗುವುದಕ್ಕೆ ಬರವಿಲ್ಲ ಎಂದು ನನಗೆ ಗೊತ್ತಾಗಿಬಿಡುತ್ತದೆ. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರು ನಾನು. ನನ್ನ ಶಾಲೆ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಊರ ಸುತ್ತ ಹೊಗೆಸೊಪ್ಪು, ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಮಾತ್ರ ಪಾಠ. ಆಮೇಲೆ ಬುದ್ಧಿವಂತ ಮಕ್ಕಳ ಕಣ್ಣೆಲ್ಲ ಕೋಟೆ ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯ ಮೇಲೆ. ಆರರಿಂದ ಹನ್ನೆರಡರವರೆಗೆ ಊಟ, ವಾಸ, ಓದು ಎಲ್ಲ ಅಲ್ಲೇ. ಜಿಲ್ಲೆಯ ಮಕ್ಕಳೆಲ್ಲ ಪರೀಕ್ಷೆ ಬರೆಯುತ್ತಾರೆ. ಸೀಟು ಮಾತ್ರ ಒಂದೂವರೆ ಬಸ್ಸಿಗಾಗುವಷ್ಟು. ಒಂದು ಮಗು ಒಂದೇ ಸಲ ಬರೆಯಬಹುದು.

ನಾನು ಹೇಳಹೊರಟಿರುವುದು ಒಬ್ಬ ಹುಡುಗಿಯ ಸೀಟಿನ ಕಥೆ. ಓದಿನಲ್ಲಿ ಶಾಲೆಗೇ ಮೊದಲು, ಪ್ರಶ್ನೆ ಕೇಳುವುದರಲ್ಲಿ ತಾಲ್ಲೂಕಿಗೇ ಮೊದಲು. "ಮಿಸ್, ಆಕಾಶ ಎಲ್ಲಿ ಮುಗೀತದೆ?" ಎಂದರೆ ನಾನು "ಮೊದಲು ನಿನ್ನ ಹೋಂವರ್ಕ್ ಮುಗಿಸು" ಎನ್ನುತ್ತಿದ್ದೆ. ಐದು ಕ್ಲಾಸಿಗೆ ಇಬ್ಬರೇ ಟೀಚರಿದ್ದರೆ ಇನ್ನೇನು ಹೇಳಲಿ? ಒಂದು ದಿನ ಬಂದು, "ಅಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ರು ಮೇಷ್ಟ್ರಂತೆ ಮಿಸ್, ನಾನು ಅಲ್ಲಿಗೇ ಹೋಗ್ಬೇಕು" ಎಂದಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಫೋಟೋ

ಅರ್ಜಿಗೆ ಫೋಟೋ ಬೇಕಿತ್ತು. ಸ್ಟುಡಿಯೋಗೆ ಹೊರಡುವ ಮುಂಚೆ ಅವಳ ಅಜ್ಜಿ ಮೊಮ್ಮಗಳ ಎಡಕೆನ್ನೆಗೆ ಕಾಡಿಗೆಯಿಂದ ಹುಣಸೆಬೀಜದಷ್ಟು ದೊಡ್ಡ ದೃಷ್ಟಿಬೊಟ್ಟು ಇಟ್ಟರು. ಅಷ್ಟೊಂದು ಜನ ಆಫೀಸರು ನೋಡುವ ಫೋಟೋ, ಮಗುವಿಗೆ ಕಣ್ಣಾಗದೆ ಇರುತ್ತದೆಯೇ?

ಅರ್ಜಿ ತುಂಬಿದ್ದು ಕಂಪ್ಯೂಟರ್ ಅಂಗಡಿಯವನು. 'ಗುರುತಿನ ಚಿಹ್ನೆ' ಎಂಬ ಜಾಗ ಬಂದಾಗ ಫೋಟೋ ನೋಡಿದ್ದಾನೆ, 'ಎಡಕೆನ್ನೆಯ ಮೇಲೆ ಕಪ್ಪು ಮಚ್ಚೆ' ಎಂದು ಬರೆದಿದ್ದಾನೆ, ಕಳಿಸಿಯೂ ಬಿಟ್ಟಿದ್ದಾನೆ. ಪ್ರಿಂಟು ನೋಡಿ ನಾನು ತಲೆ ಚಚ್ಚಿಕೊಂಡೆ. ಇನ್ನು ತಿದ್ದುವುದಕ್ಕಾಗಲ್ಲ ಎಂದು ಅವನು ಕೈಚೆಲ್ಲಿದ.

ಅಜ್ಜಿ ಮಾತ್ರ ಅಲುಗಾಡಲಿಲ್ಲ. "ಅದಕ್ಯಾಕಿಷ್ಟು ಯೋಚ್ನೆ ಮಾಡೀರಿ ಟೀಚ್ರೇ, ಪರೀಕ್ಷೆ ದಿನ ಇನ್ನೊಂದ್ ಇಕ್ಕುದ್ರಾಯ್ತು ಬುಡಿ."

ರಾಗಿ

ಪರೀಕ್ಷೆಯಲ್ಲಿ 'ಗುಂಪಿಗೆ ಸೇರದ್ದನ್ನು ಗುರುತಿಸಿ' ಎಂಬ ಪ್ರಶ್ನೆಗಳಿರುತ್ತವೆ. ಊರಿಗೆ ಹೊಂದುವ ಹಾಗಿರಲಿ ಎಂದು ನಾನೇ ಒಂದು ಮಾಡಿದೆ: ರಾಗಿ, ಜೋಳ, ಭತ್ತ, ಹೊಗೆಸೊಪ್ಪು. ತಿನ್ನಲಾಗದ್ದು ಹೊಗೆಸೊಪ್ಪು ಒಂದೇ, ಇದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಇಡೀ ಕ್ಲಾಸು 'ರಾಗಿ' ಎಂದು ಬರೆಯಿತು. ನಮ್ಮ ಜಾಣೆಯೂ ಅದನ್ನೇ ಬರೆದಿದ್ದಳು.

"ಯಾಕೆ ರಾಗಿ?"

"ಮಿಕ್ಕಿದ್ದೆಲ್ಲ ಮಾರಾಕೆ ಮಿಸ್. ರಾಗಿ ಒಂದೇ ಮನೇಗೆ."

ತಪ್ಪೆಂದು ಕೆಂಪು ಗೆರೆ ಎಳೆದೆ. ಮಾರನೇ ದಿನ ಅವಳ ಅಪ್ಪ ಹೊಲದ ಕೆಲಸ ಬಿಟ್ಟು ಶಾಲೆಗೆ ಬಂದರು. ಹೊಗೆಸೊಪ್ಪು ಬೆಳೆಯುವವರು, ಮಾತು ಕಡಿಮೆ. ಪುಸ್ತಕ ಬಿಚ್ಚಿ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಟೀಚ್ರೇ, ಇದು ರಾಗಿನೇ ಕಣ್ರೀ" ಎಂದರು. ಎಷ್ಟು ಹೇಳಿದರೂ ಒಪ್ಪಲಿಲ್ಲ.

ಸಂಜೆ ಮನೆಗೆ ಬಂದು ನಮ್ಮ ಯಜಮಾನರನ್ನು ಕೇಳಿದೆ. ಅವರು ಕೆ.ಆರ್. ನಗರದ ಕಡೆಯವರು, ನಾಲೆ ನೀರಿನಲ್ಲಿ ಗದ್ದೆ ಮಾಡಿದ ಮನೆತನ. ಪೇಪರಿನಿಂದ ತಲೆ ಎತ್ತದೆ, "ಭತ್ತ. ಅದೊಂದಕ್ಕೇ ನಾಲೆ ಬಿಡಬೇಕು" ಎಂದರು.

ಆ ಪ್ರಶ್ನೆಯನ್ನು ನಾನು ಕೈಬಿಟ್ಟೆ.

ಎರಡು ಮಚ್ಚೆ

ಪರೀಕ್ಷೆಯ ಬೆಳಿಗ್ಗೆ ತಾಲ್ಲೂಕು ಕೇಂದ್ರದ ಹೈಸ್ಕೂಲಿನ ಗೇಟಿನಲ್ಲಿ ಕಾಯುತ್ತಿದ್ದೆ. ಒಂದು ಆಟೋ ಬಂತು. ಅದರಿಂದ ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ಇಳಿದರು. ಎಲ್ಲರ ಕೆಳಗಿನಿಂದ ಪರೀಕ್ಷೆ ಬರೆಯುವವಳು ಕೊನೆಗೆ ಇಳಿದಳು. ಎರಡೂ ಕೆನ್ನೆಯ ಮೇಲೆ ಒಂದೊಂದು ಕಪ್ಪು ಬೊಟ್ಟು.

"ಇದೇನಜ್ಜಿ ಎರಡು?"

"ಯಾವ್ ಕಡೆ ಅಂತ ಮರ್ತೋಯ್ತು ಕಣವ್ವ. ಯಾವ್ದಕ್ಕೂ ಇರ್ಲಿ ಅಂತ ಎರಡೂ ಕಡೀಕೆ ಇಕ್ಕಿವ್ನಿ."

ಒರೆಸೋಣವೆಂದರೆ ಗಂಟೆ ಹೊಡೆಯಿತು, ಹುಡುಗಿ ಒಳಕ್ಕೆ ಓಡಿದಳು. ಮುಂದಿನದು ಅವಳೇ ಹೇಳಿದ್ದು. ಮೇಲ್ವಿಚಾರಕರು ಪ್ರವೇಶ ಪತ್ರ ನೋಡಿದರು, ಮುಖ ನೋಡಿದರು, ಮತ್ತೆ ಪತ್ರ ನೋಡಿದರು. "ಇಲ್ಲಿ ಒಂದೇ ಮಚ್ಚೆ ಇದೆಯಲ್ಲಮ್ಮ?" ಇವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಎರಡೂ ಸುಳ್ಳು ಸಾರ್" ಎಂದು ಲಂಗದ ಅಂಚಿನಿಂದ ಕೆನ್ನೆ ಉಜ್ಜಿಕೊಂಡಳು. ಈಗ ಒಂದು ಮಚ್ಚೆಯೂ ಇಲ್ಲ.

ಅವರು ಗಾಬರಿಯಾಗಿ ಮುಖ್ಯ ಅಧೀಕ್ಷಕಿಯನ್ನು ಕರೆಸಿದರು. ಆಕೆ ವಯಸ್ಸಾದವರು. ಫೋಟೋದ ಮುಖಕ್ಕೂ ಹುಡುಗಿಯ ಮುಖಕ್ಕೂ ತಾಳೆ ನೋಡಿ, "ಮನೇಲಿ ಅಜ್ಜಿ ಇದಾರಾ?" ಎಂದು ಕೇಳಿದರಂತೆ. ಹೂಂ ಎಂದಳು. "ಹೋಗಿ ಬರಿ" ಎಂದರಂತೆ.

ಅವಳು ಹೊರಗೆ ಬಂದ ಮೇಲೆ ಅಜ್ಜಿಗೆ ಇದನ್ನೆಲ್ಲ ಹೇಳಿದೆವು. ಅವರು ಸಮಾಧಾನದಿಂದ ಎಲೆಡಿಕೆ ಬಾಯಿಗೆ ಹಾಕಿಕೊಂಡು, "ನೋಡುದ್ರಾ, ಬೊಟ್ಟಿದ್ದುದ್ಕೇ ಒಳೀಕೆ ಬುಟ್ರು" ಎಂದರು.

ಮೊದಲ ಪಟ್ಟಿ

ಪಟ್ಟಿ ಬಂತು. ಅವಳ ಹೆಸರಿರಲಿಲ್ಲ.

ಎರಡು ದಿನ ಆ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಷ್ಟೋ ಸಲ ನಾನೇ ದೇವರಲ್ಲಿ ಬೇಡಿಕೊಂಡಿದ್ದ ಮೌನ ಅದು. ಸಿಕ್ಕಾಗ ವಾಪಸು ಕೊಟ್ಟುಬಿಡೋಣ ಎನಿಸಿತು.

ಮೂರನೇ ದಿನ ಅಪ್ಪ ಬಂದರು. "ಟೀಚ್ರೇ, ನಾಳೆ ನೀವೂ ಬನ್ನಿ. ಮಗೀನ ಕರ್ಕಂಡು ಆ ಇಸ್ಕೂಲ್‌ಗೆ ಓಗಾವ."

"ಯಾಕೆ? ಪಟ್ಟಿ ಬಂದಾಯ್ತಲ್ಲ."

ಅವರು ನನಗೇ ಪಾಠ ಹೇಳುವವರಂತೆ ಕೂತರು. "ಹರಾಜಿಗೆ ಹೊಗೆಸೊಪ್ಪಿನ ಬೇಲ್ ತಗಂಡೋಯ್ತೀವಿ. ಒಂದೊಂದ್ ದಿನ ಯಾರೂ ಕೂಗಕಿಲ್ಲ, ನೋ ಬಿಡ್ ಅಂತ ವಾಪಸ್ ಕಳುಸ್ತಾರೆ. ಅಂಗಂತ ಸೊಪ್ಪ ತಿಪ್ಪೆಗೆ ಎಸೀತೀವಾ? ಮನೆಗ್ ತಂದು ಬಿಚ್ಚಿ, ಕೊಡವಿ, ಚೆಂದಾಗ್ ಕಟ್ಟಿ, ಇನ್ನೊಂದ್ ದಿನ ತಗಂಡೋಯ್ತೀವಿ. ಅದೇ ಸೊಪ್ಪು, ಒಳ್ಳೆ ಗ್ರೇಡ್‌ಗೆ ಓಯ್ತದೆ."

ಶಾಲೆಯೆಂದರೆ ಹರಾಜಲ್ಲ ಎಂದು ಬಾಯಿ ನೋಯುವಷ್ಟು ಹೇಳಿದೆ. ಮಾರನೇ ದಿನ ಕೋಟೆ ದಾರಿಯ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸುತ್ತಿದ್ದ ಮೂವರಲ್ಲಿ ನಾನೂ ಒಬ್ಬಳು. ಹುಡುಗಿಗೆ ಎಣ್ಣೆ ನೀರು ಹಾಕಿ, ಬಿಗಿಯಾಗಿ ಎರಡು ಜಡೆ ಹೆಣೆದು, ಹೊಸ ಬಟ್ಟೆ ತೊಡಿಸಿದ್ದರು.

ಪ್ರಿನ್ಸಿಪಾಲರು ಕೇರಳದವರು, ಸಾಧು ಮನುಷ್ಯ. ನಮ್ಮನ್ನು ಕೂರಿಸಿದರು. ಅಪ್ಪ ಮಾತ್ರ ಕೂರದೆ ಮಗಳನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದರು. "ಇನ್ನೊಂದ್ಸಲ ನೋಡಿ ಸಾ. ಮೊದ್ಲು ನೋಡ್ದಾಗ ಮೇಲ್ಗಡೆ ಮಾತ್ರ ನೋಡವ್ರೆ. ಒಳಗಡೆ ಬಾಳ ಚೆಂದಾಗದೆ."

"ಯಜಮಾನ್ರೇ, ನೋಡೋದು ನಾನಲ್ಲ, ಕಂಪ್ಯೂಟರ್."

"ಅದುನ್ನೂ ಕರೀರಿ ಸಾ. ಅದೂ ನೋಡ್ಲಿ."

ಪ್ರಿನ್ಸಿಪಾಲರು ನಗು ತಡೆಯಲು ಮೇಜಿನ ಮೇಲಿನ ಪೇಪರು ಜೋಡಿಸತೊಡಗಿದರು. ಆಮೇಲೆ ತಾಳ್ಮೆಯಿಂದ ಹೇಳಿದರು: ಆಯ್ಕೆಯಾದವರಲ್ಲಿ ಕೆಲವರು ಸೇರುವುದಿಲ್ಲ, ಆ ಸೀಟುಗಳಿಗೆ ಎರಡನೇ ಪಟ್ಟಿ ಬರುತ್ತದೆ, ಕಾಯಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ, "ಮಿಸ್, ಕಂಪ್ಯೂಟರ್ ನನ್ನ ಎಲ್ಲಿಂದ ನೋಡ್ತು?" ಎಂದು ಕೇಳಿದಳು. ಪ್ರಶ್ನೆ ಕೇಳಿ ನನಗೆ ಯಾವತ್ತೂ ಅಷ್ಟು ಖುಷಿ ಆಗಿರಲಿಲ್ಲ.

ಮುಂದಿನ ವರ್ಷ

ಎರಡನೇ ಪಟ್ಟಿಯಲ್ಲಿ ಅವಳ ಹೆಸರಿತ್ತು. ಯಾರೋ ಸೇರಲಿಲ್ಲ, ಅದಕ್ಕೆ ಸಿಕ್ಕಿತು ಎಂದು ಅವಳ ಅಪ್ಪನಿಗೆ ಬಿಡಿಸಿ ಹೇಳಿದೆ. "ಸರಿ ಬುಡಿ ಟೀಚ್ರೇ" ಎಂದು ನಕ್ಕರು. ಮಗಳನ್ನು ಬಿಟ್ಟು ಬಂದ ದಿನ ಅವರು ಊಟ ಮಾಡಲಿಲ್ಲವೆಂದು ಅಜ್ಜಿ ಹೇಳಿದರು.

ಮರುವರ್ಷ ಮೊದಲ ಪಟ್ಟಿ ಬಂದ ವಾರ, ಪ್ರಿನ್ಸಿಪಾಲರ ಫೋನು.

"ಟೀಚರ್, ನಿಮ್ಮ ಕಡೆಯಿಂದ ಒಂದು ಟೆಂಪೋ ಬಂದಿದೆ. ಒಂಬತ್ತು ಮಕ್ಕಳು, ಎಲ್ಲರ ತಲೆಗೂ ಎಣ್ಣೆ, ಎಲ್ಲರಿಗೂ ಹೊಸ ಬಟ್ಟೆ. ಆಫೀಸಿನ ಮುಂದೆ ಸಾಲಾಗಿ ನಿಂತಿದಾರೆ. ಇನ್ನೊಂದು ಸಲ ನೋಡಬೇಕಂತೆ."

"ಯಾರು ಕರ್ಕೊಂಡು ಬಂದವರು?"

"ಅವರೇ, ಹೋದ ವರ್ಷ ಕಂಪ್ಯೂಟರನ್ನೂ ಕರೀರಿ ಅಂದವರು. ತಗೊಳ್ಳಿ, ಮಾತಾಡಿ."

ನಾನು ಬೈಯಲು ಶುರುಮಾಡಿದೆ. ಅವತ್ತು ಅಷ್ಟು ಬಿಡಿಸಿ ಹೇಳಿದ್ದೇನೆ, ಸೀಟು ಸಿಕ್ಕಿದ್ದು ಎರಡನೇ ಪಟ್ಟಿಯಿಂದ, ಇಷ್ಟು ಜನರನ್ನು ಸುಮ್ಮನೆ ಅಲೆಸುವುದು ಸರಿಯೇ? ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಪ್ರಿನ್ಸಿಪಾಲರಿಂದ ನಾಲ್ಕು ಹೆಜ್ಜೆ ದೂರ ಹೋದರೆಂದು ಕಾಣುತ್ತದೆ, ದನಿ ತಗ್ಗಿಸಿದರು.

"ನಂಗೊತ್ತು ಕಣ್ ಟೀಚ್ರೇ, ವಸಿ ಮೆಲ್ಲಗ್ ಮಾತಾಡಿ. ಮಗಳ ನೋಡಕೆ ಇಲ್ಲಿ ತಿಂಗಳಿಗ್ ಒಂದೇ ಭಾನುವಾರ ಬುಡೋದು. ಈ ಒಂಬತ್ ಮಕ್ಕಳ ಅವ್ರು ನೋಡಿ ಮುಗ್ಸೋಗಂಟ, ನಮ್ ಮಗೀನ ನಾನು ನೋಡ್ಕತೀನಿ."