ಬೊಳ್ಳು ಒಪ್ಪಿದ ಮೀನು

ತೋಡಾರಿನ ನನ್ನ ಗೆಳತಿಯ ಮನೆಗೆ ಹೋದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಕಾರಣ ಗೆಳತಿಯಲ್ಲ, ಅವಳ ನಾಯಿ ಬೊಳ್ಳು. ಬಿಳಿ ಮೈ, ಗಿಡ್ಡ ಕಾಲು. ಗಾಂಭೀರ್ಯ ಮಾತ್ರ ಬ್ಯಾಂಕ್ ಮ್ಯಾನೇಜರನದು. ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದವಳು. ಯಾವ ಪ್ರಾಣಿಯನ್ನೂ ಸುಮ್ಮನೆ ಹೊಗಳುವುದಿಲ್ಲ. ಇವನ ಸಂಗತಿಗಳನ್ನು ಮಾತ್ರ ಮನೆಗೆ ಬಂದ ಕೂಡಲೇ ಬರೆದಿಡುತ್ತೇನೆ.

ಕುರ್ಚಿ

ಮೊದಲ ಸಲ ಹೋದಾಗ ಬೊಳ್ಳು ಜಗಲಿಯ ಬೆತ್ತದ ಕುರ್ಚಿಯಲ್ಲಿ ಮಲಗಿದ್ದ. ನನ್ನನ್ನು ನೋಡಿ ಕೆಳಗಿಳಿದ. ನಾನು ಕೂತ ಮೇಲೆ ಕಾಲ ಬಳಿ ಕೂತ.

"ಇವನು ಬೊಗಳುವುದೇ ಇಲ್ವಾ?" ಎಂದೆ.

"ಹಿರಿಯರಿಗೆ ಬೊಗಳುವುದಿಲ್ಲ," ಎಂದಳು ಗೆಳತಿ.

ನನ್ನ ಮೊಮ್ಮಕ್ಕಳು ಒಳ್ಳೆಯ ಶಾಲೆಗೇ ಹೋಗುತ್ತಾರೆ. ನಾನು ಬಂದೆನೆಂದು ಸೋಫಾದಿಂದ ಕಾಲು ಕೂಡ ತೆಗೆಯುವುದಿಲ್ಲ.

ಸೋಮವಾರ

ಗೆಳತಿಯ ಮನೆಯಲ್ಲಿ ಸೋಮವಾರ ಮೀನಿಲ್ಲ. ಬೇರೆ ದಿನ ಮೀನಿನವನ ಸ್ಕೂಟರ್ ತಿರುವಿನಲ್ಲಿ ಹಾರ್ನ್ ಹೊಡೆದರೆ ಸಾಕು, ಬೊಳ್ಳು ಗೇಟಿನಲ್ಲಿ ಹಾಜರು. ಸೋಮವಾರ ಅದೇ ಹಾರ್ನಿಗೆ ಕಿವಿಯೂ ಎತ್ತುವುದಿಲ್ಲ. ಮೊಸರನ್ನ ತಿಂದು ಬಟ್ಟಲು ನೆಕ್ಕುತ್ತಾನೆ.

"ನೋಡಿ ಕಲಿಯಿರಿ," ಎಂದು ಗೆಳತಿ ಗಂಡನಿಗೆ ಹೇಳಿದಳು. ಅವರು ಆಗಷ್ಟೇ "ಒಂದು ಒಣಮೀನಿನ ತುಂಡೂ ಇಲ್ವಾ?" ಎಂದು ಕೇಳಿದ್ದರು.

ಆಮೇಲೆ ಅವರಿಗೆ ಇದ್ದಕ್ಕಿದ್ದಂತೆ ಮೂಡುಬಿದಿರೆಯಲ್ಲಿ ಕೆಲಸ ಬಂತು. ಮರಳಿದಾಗ ಬೊಳ್ಳು ಅವರ ಬಲಗೈಯನ್ನು ಬಿಡದೆ ಮೂಸಿದ. ಗೆಳತಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಪರೀಕ್ಷೆ

ಒಂದು ಬೆಳಿಗ್ಗೆ ಮೀನಿನವನು ಬಂಗುಡೆಯ ಕಿವಿರು ಎತ್ತಿ ತೋರಿಸಿ, "ಇವತ್ತಿನದ್ದೇ ಅಕ್ಕ, ಕೆಂಪು ನೋಡಿ," ಎಂದ. ಗೆಳತಿ ಅದನ್ನು ಬೊಳ್ಳುವಿನ ಮುಂದೆ ಹಿಡಿದಳು. ಅವನು ಮೂಸಿದ, ಸೀನಿದ, ಬೆನ್ನು ತಿರುಗಿಸಿ ಹೋದ. ಗೆಳತಿ ಬೇಡವೆಂದಳು. ಪಾತ್ರೆ ಹಿಡಿದು ಬಂದಿದ್ದ ನೆರೆಮನೆಯವರೂ ತಿರುಗಿ ನಡೆದರು.

"ಅದು ಐಸಿನ ವಾಸನೆ ಮಾರಾಯ್ರೆ! ನಾಯಿಗೆ ಶೀತ ಆಗಿರಬೇಕು!" ಎಂದು ಮೀನಿನವನು ಕೂಗಿದ.

"ಶೀತ ಆದರೆ ವಾಸನೆ ಗೊತ್ತಾಗುವುದು ಹೇಗೆ?" ಎಂದೆ.

"ಹಾಗಾದ್ರೆ ಇವನು ಗೇಟಿನಲ್ಲಿ ಇರುವವರೆಗೆ ನಾನು ಈ ರಸ್ತೆಗೆ ಬರುವುದಿಲ್ಲ!"

ಕಚ್ಚುವ ನಾಯಿಗೆ ಹೆದರಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಸೀನುವ ನಾಯಿಗೆ ಹೆದರಿದವನು ಇವನೊಬ್ಬನೇ.

ಮಾಣಿಗೆ ಹೊರಟದ್ದು

ಮೀನಿನವನು ನಿಜಕ್ಕೂ ಬರಲಿಲ್ಲ. ದಿನಾ ಬೇಳೆಸಾರು ಉಂಡು ನೆರೆಯವರಿಗೆ ಸಾಕಾಯಿತು. "ಬೊಳ್ಳುವನ್ನು ಮಾಣಿಯಲ್ಲಿರುವ ನಿಮ್ಮ ತಂಗಿಯ ಮನೆಗೆ ಕಳಿಸಿ, ನಮ್ಮ ಮಕ್ಕಳು ಊಟವೇ ಮಾಡುವುದಿಲ್ಲ," ಎಂದರು. ಅವರ ಮಾತು ಮೀರಲಾರದೆ ಗೆಳತಿ ಒಪ್ಪಿದಳು. ನಾನು ಹೋದಾಗ ಕಣ್ಣು ಒರೆಸಿಕೊಳ್ಳುತ್ತಾ ಅವನ ಬಟ್ಟಲು, ಹಾಸು ಚೀಲಕ್ಕೆ ತುಂಬುತ್ತಿದ್ದಳು. ಗಂಡ ಕಾರು ಹೊರತೆಗೆದರು. ಬೊಳ್ಳು ಸವಾರಿಗೆಂದು ಖುಷಿಯಿಂದ ಹತ್ತಿ ಕೂತ. ಅದನ್ನು ನೋಡಿ ಅವಳ ಅಳು ಇನ್ನೂ ಜಾಸ್ತಿಯಾಯಿತು.

ಆಗ ಹಾರ್ನ್ ಕೇಳಿತು. ಬೊಳ್ಳು ಕಾರಿನಿಂದ ಹಾರಿ ಗೇಟಿಗೆ ಓಡಿದ. ಮೀನಿನವನು ನಮ್ಮ ಮುಖವನ್ನೂ ನೋಡದೆ ಪೆಟ್ಟಿಗೆ ತೆರೆದು ಅವನ ಮುಂದಿಟ್ಟ.

"ಬರುವುದಿಲ್ಲ ಅಂದಿದ್ದೆಯಲ್ಲ?" ಎಂದಳು ಗೆಳತಿ.

"ಏನು ಮಾಡುವುದು ಅಕ್ಕ? ಆಚೆ ರಸ್ತೆಯವರೂ 'ಬೊಳ್ಳು ನೋಡಿದ್ದಾನಾ?' ಅಂತ ಕೇಳ್ತಾರೆ. ಇಲ್ಲ ಅಂದರೆ ಒಂದು ಬೂತಾಯಿ ಮೀನನ್ನೂ ತಗೊಳ್ಳುವುದಿಲ್ಲ."

ಬೊಳ್ಳು ನಿಧಾನವಾಗಿ ಮೂಸಿದ. ಬಾಲ ಆಡಿತು. ನೆರೆಯವರು ಪಾತ್ರೆ ಹಿಡಿದು ಓಡಿ ಬಂದರು. ಮಾಣಿಯ ಮಾತು ಯಾರೂ ಎತ್ತಲಿಲ್ಲ. ಗೆಳತಿ ಚೀಲದಿಂದ ಬಟ್ಟಲು ಹೊರತೆಗೆದಳು.

ಪೆಟ್ಟಿಗೆ ಖಾಲಿಯಾದರೂ ಮೀನಿನವನು ಹೋಗಲಿಲ್ಲ. ತಲೆ ಕೆರೆದುಕೊಂಡು ಮೆಲ್ಲಗೆ ಕೇಳಿದ: "ಅಕ್ಕ, ನಾಳೆ ಬೆಳಿಗ್ಗೆ ಮೀನು ತರಲಿಕ್ಕೆ ಮಂಗಳೂರು ಬಂದರಿನ ದಕ್ಕೆಗೆ ಹೋಗುವಾಗ ಇವನನ್ನೂ ಕರೆದುಕೊಂಡು ಹೋಗಲಾ? ಅಲ್ಲಿ ಏಲಂ ಕೂಗುವಾಗ ನನಗೇ ಮೋಸ ಮಾಡ್ತಾರೆ."