ಏರ್‌ಗನ್ನಿನ ಜೀರ್ಣೋದ್ಧಾರ

ಮೂವತ್ತು ವರ್ಷ ಪತ್ರಿಕೆಯಲ್ಲಿ ಸುದ್ದಿ ತಿದ್ದಿದವನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುವ ಚಟ ಅಂಟಿಕೊಳ್ಳುತ್ತದೆ. ಮದುವೆಯ ಕರೆಯೋಲೆ ಬಂದರೂ ನಾನು ಊಟದ ಹೊತ್ತು ನೋಡುವ ಮೊದಲು ಅಚ್ಚಿನ ತಪ್ಪು ಹುಡುಕುತ್ತೇನೆ. ಇದರಿಂದ ಯಾರಿಗೂ ನಷ್ಟವಿಲ್ಲವೆಂದು ನಂಬಿದ್ದೆ, ನಮ್ಮ ಮನೆಯ ಏರ್‌ಗನ್ ರಿಪೇರಿಗೆ ಹೋಗುವವರೆಗೆ.

ಬೇಸಿಗೆ ಬಂತೆಂದರೆ ಘೋಡಗೇರಿಯ ನಮ್ಮ ಮಾಳಿಗೆಯ ಮೇಲೆ ಕುರಡಗಿ, ಅಂದರೆ ಗೋದಿ ಹಾಲಿನ ಸಂಡಿಗೆ, ಒಣಗುತ್ತವೆ, ಹಿಂದೆಯೇ ಮಂಗಗಳು ಬರುತ್ತವೆ. ಈ ಸಲದ ಕುರಡಗಿ ಮಗಳ ಮದುವೆಗಾಗಿ ಮೂಡಲಗಿಯ ಬೀಗರ ಮನೆಗೆ ಹೋಗಬೇಕಾದವು. ಅಂದರೆ ನನ್ನ ಹೆಂಡತಿ ನೀಲಮ್ಮನ ಮರ್ಯಾದೆಯೇ ಬಿಸಿಲಿಗೆ ಹರಡಿತ್ತು. ಕಾವಲಿಗೆ ಮಾವ ಕೊಟ್ಟ ಹಳೆಯ ಏರ್‌ಗನ್ ಇತ್ತು. ಅದಕ್ಕೆ ಛರ್ರಾ, ಅಂದರೆ ಸೀಸದ ಸಣ್ಣ ಗುಂಡು, ಹಾಕಲು ನೀಲಮ್ಮ ಬಿಡುವುದಿಲ್ಲ. "ಜೀವಕ್ಕ ಬಡೀಬಾರದ್ರಿ. ಸಪ್ಪಳಾದ್ರ ಸಾಕು," ಎನ್ನುತ್ತಾಳೆ. ಹಾಗಾಗಿ ಖಾಲಿಯಾಗಿಯೇ ಹೊಡೆಯುತ್ತಿದ್ದೆ. ಆಗಾಗ ಹೊಲಿಗೆ ಯಂತ್ರದ ಎಣ್ಣೆಯನ್ನೂ ಧಾರಾಳವಾಗಿ ಬಿಡುತ್ತಿದ್ದೆ. ಢಮ್ ಎನ್ನುತ್ತಿತ್ತು, ನಳಿಗೆಯ ತುದಿಯಲ್ಲಿ ಹೊಗೆ ಏಳುತ್ತಿತ್ತು, ಮಂಗಗಳು ಮೂರು ಮಾಳಿಗೆ ದಾಟಿ ಓಡುತ್ತಿದ್ದವು. ಎಲ್ಲವೂ ಸರಿಯಿತ್ತು. ಆ ಹೊಗೆ ಮಾತ್ರ ನನ್ನ ಕಣ್ಣಿಗೆ ಅಚ್ಚಿನ ತಪ್ಪಿನಂತೆ ಚುಚ್ಚತೊಡಗಿತು.

ಗೋಕಾಕದಲ್ಲಿ ಹೊಲಿಗೆ ಯಂತ್ರ, ಸ್ಟೋವ್ ರಿಪೇರಿ ಮಾಡುವ ಹಸನ್ ಮಿಸ್ತ್ರಿಗೆ ಏರ್‌ಗನ್ನೂ ಗೊತ್ತು. ಅವನ ಅಂಗಡಿಗೆ ಒಯ್ದೆ. ಬಿಚ್ಚಿ ನೋಡಿದವನೇ ಕೇಳಿದ:

"ಸಾಹೇಬ್ರ, ಎಣ್ಣಿ ಎಷ್ಟ ಕುಡಿಸೀರಿ?"

"ಒಂದೆರಡು ಹನಿ."

"ಹನಿ ಅಲ್ರಿ, ಎಣ್ಣಿ ಸ್ನಾನಾನ ಮಾಡಿಸೀರಿ! ಒಳಗಿನ ಎಣ್ಣಿ ಉರದು ಢಮ್ ಅನ್ನಾಕತ್ತೈತಿ. ಇದು ಬಂದೂಕಲ್ಲ, ಡೀಸೆಲ್ ಇಂಜಿನ್. ಅದರ ಮ್ಯಾಲ ಖಾಲಿ ಹೊಡದು ಹೊಡದು ವಾಶರ್ ಚಿಂದಿ ಆಗೇತಿ."

ಒಳಗೆಲ್ಲ ಒರೆಸಿ, ಚರ್ಮದ ಹೊಸ ವಾಶರ್ ಕತ್ತರಿಸಿ ಕೂರಿಸಿ, ಸ್ಪ್ರಿಂಗ್ ಬದಲಿಸಿ ತೆಳ್ಳಗೆ ಗ್ರೀಸ್ ಸವರಿದ. ಛರ್ರಾ ಹಾಕಿ ಹಿತ್ತಲ ಗೋಡೆಗೆ ಒರಗಿಸಿದ ರಟ್ಟಿಗೆ ಹೊಡೆದು ತೋರಿಸಿದ. ನಡುವಿನ ಚುಕ್ಕೆಗೇ ತೂತು! ಹೊಗೆಯಿಲ್ಲ, ಗದ್ದಲವಿಲ್ಲ. ಇಂಥ ಶುದ್ಧ ಪ್ರತಿ ನನ್ನ ಮೇಜಿಗೆ ಎಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಐದು ಮಂಗಗಳು ಬಂದವು. ಛರ್ರಾ ಇಲ್ಲದೆ ಆಕಾಶಕ್ಕೆ ಹಿಡಿದು ಹೊಡೆದೆ. ಟುಸ್! ಹಿರಿಯ ಮಂಗ ಒಮ್ಮೆ ನನ್ನನ್ನು, ಒಮ್ಮೆ ಬಂದೂಕನ್ನು ನೋಡಿ, ನಿಧಾನವಾಗಿ ಒಂದು ಕುರಡಗಿ ಮುರಿಯಿತು. ನೀಲಮ್ಮ ಮೆಟ್ಟಿಲೇರಿ ಬರುವಷ್ಟರಲ್ಲಿ ಅರ್ಧ ಮಾಳಿಗೆ ಖಾಲಿ.

"ಏನ್ರಿ, ಇದು ಸೀನಾಕತ್ತೈತೇನು?"

"ರಿಪೇರಿ ಆಗೇತಿ."

"ಹಂಗಾರ ಬೀಗರಿಗೆ ಏನ್ ಕಳಸೂನ್ರಿ, ಈ ಬಂದೂಕ?"

ಗೋಕಾಕಕ್ಕೆ ಮತ್ತೆ ಓಡಿ, ಮೊದಲಿನ ಸದ್ದು ಬರುವಂತೆ ಮಾಡಿಕೊಡೆಂದು ಬೇಡಿದೆ. ಹಸನ್ ಕನ್ನಡಕ ತೆಗೆದು ನನ್ನನ್ನು ನೋಡಿದ. "ಕೆಟ್ಟಿದ್ದು ನೆಟ್ಟಗ ಮಾಡೂದು ನನಗ ಗೊತ್ತೈತ್ರಿ. ನೆಟ್ಟಗಿದ್ದದ್ದು ಕೆಡಸೂದು ನಿಮಗ ಛಲೋ ಬರತೈತಿ."

ನೀಲಮ್ಮ ಮತ್ತೆ ಗೋದಿ ನೆನೆಹಾಕಿದ್ದಾಳೆ. ಬಂದೂಕು ಗೋಡೆಯ ಮೇಲೆ ಥಳಥಳಿಸುತ್ತಿದೆ. ನಾನು ದಿನವಿಡೀ ಮಾಳಿಗೆಯ ಮೇಲೆ ಸ್ಟೀಲ್ ತಾಟಿಗೆ ಸೌಟಿನಿಂದ ಬಾರಿಸುತ್ತಾ ಕೂತಿದ್ದೇನೆ. ಮಂಗಗಳು ಹತ್ತಿರ ಸುಳಿಯುತ್ತಿಲ್ಲ. ತಾಟಿನ ನಡುವೆ ಒಂದು ತಗ್ಗು ಬಿದ್ದಿದೆ, ಸದ್ದು ಒಂದಿಷ್ಟು ಒಡಕು. ತಟ್ಟಿ ನೇರ ಮಾಡೋಣವೆಂದು ಇಂದು ಬೆಳಿಗ್ಗೆ ಕೆಳಗಿಳಿದಿದ್ದೆ. ನೀಲಮ್ಮ ಸುತ್ತಿಗೆ ಬಚ್ಚಿಟ್ಟಿದ್ದಾಳೆ.